ಮೂವತ್ತಾರು ಎಣಿಸಿದವರು

ನಾವಿಬ್ಬರೂ ನಾಲ್ಕು ವರ್ಷ ಒಂದೇ ಮಂಚದ ಮೇಲೆ ಮಲಗಿದವರು, ಆದರೆ ಒಂದು ದಿನವೂ ಒಟ್ಟಿಗೆ ಅಲ್ಲ. ರಾಜಸ್ಥಾನದ ಮರಳುಗಾಡಿನಲ್ಲಿ ಎಣ್ಣೆ ಬಾವಿ ಕೊರೆಯುವ ಜಾಗ ಅದು. ತಗಡಿನ ಕೋಣೆಗಳು ಕಡಿಮೆ, ಮಂದಿ ಜಾಸ್ತಿ. ಅವರದು ಹಗಲು ಪಾಳಿ, ನನ್ನದು ರಾತ್ರಿ ಪಾಳಿ. ಬೆಳಿಗ್ಗೆ ಆರಕ್ಕೆ ಅವರು ಎದ್ದುಹೋದ ಹಾಸಿಗೆಗೆ ನಾನು ಬಂದು ಬೀಳುತ್ತಿದ್ದೆ, ಸಂಜೆ ಆರಕ್ಕೆ ನಾನು ಬಿಟ್ಟ ಹಾಸಿಗೆಗೆ ಅವರು. ನಡುವೆ ಅರ್ಧ ಗಂಟೆ, ಒಬ್ಬರು ಇನ್ನೊಬ್ಬರಿಗೆ ಕೆಲಸ ಒಪ್ಪಿಸುವ ಹೊತ್ತು. ಅವರನ್ನು ನಾನು ಬಲ್ಲೆ ಎಂದರೆ ದಿನಕ್ಕೆ ಎರಡು ಸಲದ ಆ ಅರ್ಧ ಗಂಟೆಯಲ್ಲಿ ಬಲ್ಲೆ. ಮಿಕ್ಕದ್ದು ಅವರು ಮಡಚಿಟ್ಟ ಹೊದಿಕೆ ನೋಡಿ ಊಹಿಸಿದ್ದು.

ಅವರು ತೀರಿಕೊಂಡು ಐದು ತಿಂಗಳಾಯಿತು. ಹಳೆಯ ಸಹೋದ್ಯೋಗಿಗಳ ಮೊಬೈಲ್ ಗುಂಪಿನಲ್ಲಿ ಸುದ್ದಿ ಬಂದ ದಿನ ಒಬ್ಬರ ಹಿಂದೆ ಒಬ್ಬರು, ಕಿರಿಯನೊಬ್ಬನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡ ದೊಡ್ಡ ಮನಸ್ಸಿನ ಮನುಷ್ಯ ಎಂದು ಬರೆದರು. ನಾನು ಮಾತ್ರ ಏನೂ ಬರೆಯಲಿಲ್ಲ. ಆ ಕತೆಯನ್ನು ಹಬ್ಬಿಸಿದವನು ನಾನೇ. ಆ ಕಿರಿಯನೂ ನಾನೇ, ಅದೊಂದನ್ನು ಮಾತ್ರ ಆ ಗುಂಪಿನ ಯಾರಿಗೂ ಹೇಳಿರಲಿಲ್ಲ. ಅವರು ಗೊತ್ತಿದ್ದೂ ಹಾಕಿಕೊಂಡರೋ, ಗೊತ್ತಿಲ್ಲದೆಯೋ? ಈ ಒಂದು ಪ್ರಶ್ನೆಯ ಸುತ್ತ ಎಂಟು ವರ್ಷ ಗಾಣದ ಎತ್ತಿನಂತೆ ಸುತ್ತಿದ್ದೇನೆ. ಉತ್ತರ ಸಿಕ್ಕ ಮೇಲೂ ತಲೆ ಒಂದು ಕಡೆ ನಿಂತಿಲ್ಲ. ಹೀಗಾಗಿ ಈ ಬರಹ ಅಲ್ಲಲ್ಲಿ ದಾರಿ ತಪ್ಪಿದರೆ ಓದುವವರು ಸಹಿಸಿಕೊಳ್ಳಬೇಕು.

ನಾನು ಇಂಡಿ ಊರಿನವನು. ಅವರು ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿಯವರು. ಕೆಲಸಕ್ಕೆ ಸೇರಿದ ಮೊದಲ ದಿನ ಕಬ್ಬಿಣದ ಮೆಟ್ಟಿಲ ಕೆಳಗೆ ನಿಂತು ಅವ್ವನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮೇಲಿಂದ ಇಳಿಯುತ್ತಿದ್ದ ಗಿಡ್ಡನೆಯ, ದಪ್ಪ ಬೆರಳುಗಳ ಮನುಷ್ಯ ಅರ್ಧಕ್ಕೇ ನಿಂತರು. ಫೋನ್ ಇಡುವ ತನಕ ಕಾದು, "ಯಾವೂರಾಂವೋ ನೀ?" ಎಂದರು.

"ಇಂಡಿರಿ."

"ಖಾಸ್ ಇಂಡಿನ?"

"ಖಾಸ್ ಇಂಡಿರಿ."

"ಹಂಗಾರ ಚೀಲದಾಗ ನಿಂಬಿಕಾಯಿ ಉಪ್ಪಿನಕಾಯಿ ಇರ್ಬೇಕಲ್ಲ. ಸಂಜಿಗೆ ತಗೊಂಬಾ."

ನಮ್ಮ ಪರಿಚಯ ಇಷ್ಟೇ. ಅಂದಿನಿಂದ ಅವರು ನನಗೆ ಕಾಕಾ, ನಾನು ಅವರಿಗೆ ತಮ್ಮ. ಅವರ ಮನೆಯ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಮಂಚದ ಕೆಳಗಿರುತ್ತಿತ್ತು, ನನ್ನ ಉಪ್ಪಿನಕಾಯಿ ಅದರ ಪಕ್ಕದಲ್ಲಿ. ಯಾರು ಎಷ್ಟು ತಿಂದರೆಂದು ಕೇಳುವ ಪದ್ಧತಿ ಇರಲಿಲ್ಲ. ನಾವು ಕನ್ನಡ ಮಾತಾಡಿದರೆ ಉಳಿದವರು ಇವರಿಬ್ಬರಿಗೂ ಜಗಳವಾಗಿದೆ ಎಂದು ತಿಳಿಯುತ್ತಿದ್ದರು.

ಅವರ ಕೆಲಸ ಬಾವಿಗೆ ದಾರಿ ತೋರಿಸುವುದು. ಎಣ್ಣೆ ಬಾವಿ ನೆಟ್ಟಗೆ ಕೆಳಗೆ ಹೋಗುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಗಿಲ್ಲ. ಒಂದಿಷ್ಟು ಕೆಳಗಿಳಿದು, ಓರೆಯಾಗಿ, ಬಾಗಿ, ಕೊನೆಗೆ ಮಲಗಿಕೊಂಡೇ ಸಾಗಬೇಕಾಗುತ್ತದೆ. ಮೊದಲಿನ ಕಾಲದಲ್ಲಿ ಬಾವಿಯನ್ನು ತಿರುಗಿಸಬೇಕೆಂದರೆ ಕೊಳವೆ ತಿರುಗುವುದನ್ನು ನಿಲ್ಲಿಸಬೇಕಿತ್ತು. ಈಗ ಕೊಳವೆಯ ತುದಿಗಿರುವ ರೋಟರಿ ಸ್ಟೀರೆಬಲ್ ಟೂಲು ತಿರುತಿರುಗುತ್ತಲೇ ದಾರಿ ಬದಲಿಸುತ್ತದೆ. ಇದನ್ನು ನನಗೆ ಕಂಪನಿಯವರು ವಾರಗಟ್ಟಲೆ ಪಾಠ ಮಾಡಿದ್ದರು. ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು. "ಎತ್ತ ನಿಂದರಸಲಾರ್ದ ಮೇಳಿ ಅದುಮಿ ಸಾಲ ಹೊಳ್ಳಸಿದಂಗ ನೋಡು."

ನೇಗಿಲ ಹಿಡಿಯಂಥ ಆ ಮೇಳಿಯನ್ನು ಅದುಮುವುದು ಮಾತ್ರ ಸುಲಭವಲ್ಲ. ಟೂಲು ಮೂರು ಕಿಲೋಮೀಟರ್ ಕೆಳಗೆ, ನಾವು ಮೇಲೆ, ನಡುವೆ ತಂತಿಯಿಲ್ಲ. ಕೊಳವೆಯೊಳಗೆ ಪಂಪು ತಳ್ಳುವ ಕೆಸರು ನೀರು ಸದಾ ಹರಿಯುತ್ತಿರುತ್ತದೆ. ಆ ಹರಿವನ್ನು ಒಂದು ಕ್ರಮದಲ್ಲಿ ಇಳಿಸಿ, ಏರಿಸಿ, ಪ್ರತಿ ಸಲವೂ ಇಂತಿಷ್ಟೇ ಸೆಕೆಂಡು ಹಿಡಿದರೆ ಕೆಳಗಿನ ಟೂಲು ಅದನ್ನು ಎಣಿಸಿಕೊಂಡು, ಓಹೋ ಬಲಕ್ಕೆ ತಿರುಗೆನ್ನುತ್ತಿದ್ದಾರೆ ಎಂದು ತಿಳಿಯುತ್ತದೆ. ಕಡಿಮೆ ಆಳಕ್ಕೆ ಹದಿನೆಂಟು ಸೆಕೆಂಡಿನ ಅಳತೆ, ಹೆಚ್ಚು ಆಳಕ್ಕೆ ಮೂವತ್ತಾರರದು. ಮೇಲಿನವರ ಅಳತೆಯೂ ಟೂಲಿನ ಹೊಟ್ಟೆಯೊಳಗಿನ ಅಳತೆಯೂ ಒಂದೇ ಇರಬೇಕು. ಟೂಲನ್ನು ಇಳಿಸುವ ಮುಂಚೆ ಕಂಪ್ಯೂಟರಿಗೆ ಜೋಡಿಸಿ ಅದರೊಳಗೆ ಆ ಅಂಕಿಗಳನ್ನು ತುಂಬುವುದು ನನ್ನ ಕೆಲಸವಾಗಿತ್ತು.

ಹೊಸ ಯಂತ್ರಗಳಿರುವ ಕಡೆ ಹರಿವನ್ನು ಇಳಿಸಿ ಏರಿಸುವುದಕ್ಕೂ ಒಂದು ಪೆಟ್ಟಿಗೆ ಇರುತ್ತದೆ, ಗುಂಡಿ ಒತ್ತಿದರೆ ಆಯಿತು. ನಮ್ಮ ಕೊರೆಯುವ ಯಂತ್ರ, ರಿಗ್ಗು, ಹಳೆಯದು. ಕಾಕಾ ಪಂಪಿನವನ ಪಕ್ಕ ನಿಂತು ಬಾಯಲ್ಲಿ ಎಣಿಸಬೇಕು, ಕೈ ಇಳಿಸಿದರೆ ಅವನು ಇಳಿಸಬೇಕು, ಎತ್ತಿದರೆ ಏರಿಸಬೇಕು. ಅವರ ಎಣಿಕೆಯೇ ಬೇರೆ. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಇವರೂ ಸೆಕೆಂಡುಗಳನ್ನು ಹಾಗೇ ಎಣಿಸುತ್ತಿದ್ದರು: ಲಾಭ, ಎರಡು, ಮೂರು. ರಾಶಿ ಅಳೆಯುವ ರಾಗದಲ್ಲಿ, ಒಂದೇ ತೂಕದಲ್ಲಿ. ನಾನು ಗಡಿಯಾರ ಹಿಡಿದು ಎಷ್ಟೋ ಸಲ ಪರೀಕ್ಷಿಸಿದ್ದೇನೆ. ಮೂವತ್ತಾರು ಎಂದರೆ ಮೂವತ್ತಾರೇ. ರಾತ್ರಿ ಪಾಳಿಯಲ್ಲಿ ಬಾವಿಗೆ ದಾರಿ ತೋರಿಸುತ್ತಿದ್ದ ಅಸ್ಸಾಮಿನವರೊಬ್ಬರು ಕಾಕಾನನ್ನು ಲಾಭ ಸಾಹೇಬರು ಎಂದೇ ಕರೆಯುತ್ತಿದ್ದರು.

ಒಮ್ಮೆ ರಜೆಗೆ ಇಬ್ಬರೂ ಒಂದೇ ರೈಲಿನಲ್ಲಿ ಬರುತ್ತಿದ್ದೆವು. ನಾಲತವಾಡದ ವ್ಯಾಪಾರಿಯೊಬ್ಬ ಎದುರು ಕುಳಿತಿದ್ದ. ಇವರು ಭೂಮಿ ಕೊರೆಯುವವರೆಂದು ತಿಳಿದದ್ದೇ ತಡ, ನಮ್ಮ ಹೊಲದಲ್ಲಿ ನೀರು ಎಲ್ಲಿದೆ ಹೇಳಿರೆಂದು ಗಂಟುಬಿದ್ದ. ಕಾಕಾ ಬಹಳ ವಿನಯದಿಂದ, "ನಮಗ ಜಾಗಾ ಬ್ಯಾರೆಯವ್ರು ತೋರಸ್ತಾರ್ರಿ. ನಾವು ಬರೇ ಹೋಗಾಂವ್ರು," ಎಂದರು. ವ್ಯಾಪಾರಿ ಅರ್ಥವಾಗದೆ ನನ್ನ ಮುಖ ನೋಡಿದ. ನನಗೂ ಆಗ ಅರ್ಥವಾಗಿರಲಿಲ್ಲ, ಆದರೂ ತಲೆ ಅಲ್ಲಾಡಿಸಿದೆ.

ಮುಂಬಯಿಯ ಕಚೇರಿಯಿಂದ ಪ್ಲ್ಯಾನು ಬಂದರೆ ಅವರು ಅದನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ತಾವೇ ಬರೆದುಕೊಳ್ಳುತ್ತಿದ್ದರು. ಎಲ್ಲಿ ಎಷ್ಟು ಬಾಗಬೇಕು, ಯಾವ ಬಂಡೆಯಲ್ಲಿ ಟೂಲು ತಾನಾಗಿ ಎತ್ತ ಜಾರುತ್ತದೆ, ಎಷ್ಟು ಮೀಟರಿಗೊಮ್ಮೆ ಸಂದೇಶ ಕಳಿಸಬೇಕು, ಎಲ್ಲ. ಆ ಹಾಳೆಯನ್ನು ಹಾಸಿಗೆಯ ಕೆಳಗೆ ಇಡುತ್ತಿದ್ದರು. ನಾನು ಹಗಲು ಮಗ್ಗಲು ಬದಲಿಸಿದಾಗಲೆಲ್ಲ ಅದು ಬೆನ್ನ ಕೆಳಗೆ ಚರಚರ ಎನ್ನುತ್ತಿತ್ತು. ಸಭೆಯಲ್ಲಿ ಕಚೇರಿಯವರಿಗೆ ಹೇಳುವುದು ಯಾವಾಗಲೂ ಒಂದೇ ಮಾತು, ಹಿಂದಿಯಲ್ಲಿ ಹೇಳಿ ನನಗೆ ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದರು. "ಟೂಲಿಗೆ ನಾಕ ಡಿಗ್ರಿ ಹೊಳ್ಳೂ ತಾಕತ್ತ ಐತಂತ ನಾಕೂ ಕೇಳಬಾರದು. ಮೂರ ಕೇಳ್ಬೇಕು. ಕೆಳಗ ಎಂಥಾ ಬಂಡಿ ಸಿಗತೈತೋ ಯಾರ ನೋಡ್ಯಾರ." ಕಚೇರಿಯವರು ಇದನ್ನು ಅಂಜುಬುರುಕುತನ ಎಂದುಕೊಂಡಿದ್ದರು. ಆದರೆ ಅವರ ಬಾವಿಗಳು ಹೇಳಿದ ಜಾಗಕ್ಕೆ ಹೋಗಿ ಮುಟ್ಟುತ್ತಿದ್ದವು, ಹೀಗಾಗಿ ಬಾಯಿ ಮುಚ್ಚಿಕೊಂಡಿದ್ದರು.

ಅವರಿಗೆ ಇನ್ನೊಂದು ನೇಮವಿತ್ತು. ಮಲಗಿದ ಪಾಳಿಯವರನ್ನು ಎಬ್ಬಿಸುವುದಿಲ್ಲ. ಬೇರೆಯವರು ಸಣ್ಣಪುಟ್ಟದ್ದಕ್ಕೂ ಬಾಗಿಲು ಬಡಿದು ಎಬ್ಬಿಸುತ್ತಿದ್ದರು, ಇವರು ಒಮ್ಮೆಯೂ ಇಲ್ಲ. "ದುಡದ ಮಲಗಿದಾಂವನ ನಿದ್ದಿ ಕೆಡಸಬಾರದು. ಹಾಳಿಮ್ಯಾಲ ಬರದಿರ್ತೈತಿ, ಓದ್ಕೋಬೇಕು," ಎನ್ನುತ್ತಿದ್ದರು. ಇದು ನನಗೆ ತುಂಬ ಹಿಡಿಸಿದ ಗುಣ. ಆ ಗುಣವೇ ನನ್ನನ್ನು ಕಾಪಾಡಿತೋ ಕೆಡಿಸಿತೋ ಎಂಬುದು ಇನ್ನೊಂದು ಗೊಂದಲ.

ಆ ಬಾವಿ ನಮ್ಮ ಆಳದ ಬಾವಿಗಳಲ್ಲಿ ಒಂದು. ಪಕ್ಕದಲ್ಲೇ ಹಳೆಯ ಬಾವಿಯೊಂದಿತ್ತು, ಅದನ್ನು ತಾಕದಂತೆ ಬಲಕ್ಕೆ ಬಳಸಿಕೊಂಡು ಹೋಗಬೇಕಿತ್ತು. ಹೊಸ ಟೂಲನ್ನು ಸಂಜೆ ಪಾಳಿಗೆ ಬಂದ ಕೂಡಲೇ ನಾನು ಸಿದ್ಧ ಮಾಡಿ ಇಳಿಸಿಕೊಟ್ಟೆ, ಅದು ತಳ ಮುಟ್ಟುವಾಗ ಬೆಳಗಾಯಿತು. ಒಪ್ಪಿಸುವ ಹಾಳೆಯಲ್ಲಿ ಸಂದೇಶದ ಅಳತೆ ಮೂವತ್ತಾರು ಸೆಕೆಂಡು ಎಂದು ಸ್ಪಷ್ಟವಾಗಿ ಬರೆದೆ, ಪ್ಲ್ಯಾನಿನಲ್ಲಿ ಇದ್ದದ್ದೂ ಅದೇ. ಕಾಕಾ ಓದಿ ಸಹಿ ಮಾಡಿದರು. ನಾನು ಹೋಗಿ ಮಲಗಿದೆ.

ಸಂಜೆ ಎದ್ದು ಬಂದಾಗ ಕೊಳವೆಗಳನ್ನು ಮೇಲಕ್ಕೆ ಎಳೆಯುತ್ತಿದ್ದರು. ಕಾಕಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದರು.

"ಏನಾತ್ರಿ ಕಾಕಾ?"

"ಕೇಳವಲ್ತೋ ತಮ್ಮಾ. ಒಂಬತ್ತ ಸಲ ಹೇಳಿದ್ನಿ. ಒಂದ್ಸಲನೂ ಕೇಳಲಿಲ್ಲ. ಹಳೇ ಬಾವಿ ಕಡೀಗೆ ಹೊಂಟಿತ್ತು, ನಿಂದರಿಸಿದ್ನಿ."

"ನನ್ನ ಎಬ್ಬಸಬೇಕಿತ್ರಿ."

"ಹಾಳಿಮ್ಯಾಲ ನೀ ಬರದಿದ್ದೆಲ್ಲ."

ಟೂಲು ಮೇಲೆ ಬಂದದ್ದು ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ. ನಾನು ತಂತಿ ಜೋಡಿಸಿ ಅದರೊಳಗಿನ ಅಂಕಿಗಳನ್ನು ಓದಿದೆ. ಹದಿನೆಂಟು ಎಂದಿತ್ತು. ಹಿಂದಿನ ಕಡಿಮೆ ಆಳದ ಬಾವಿಗೆ ಮಾಡಿಟ್ಟ ಹಳೆಯ ಫೈಲನ್ನೇ ನಾನು ಅವಸರದಲ್ಲಿ ತುಂಬಿಬಿಟ್ಟಿದ್ದೆ. ಹಾಳೆಯ ಮೇಲೆ ಮೂವತ್ತಾರು, ಹೊಟ್ಟೆಯೊಳಗೆ ಹದಿನೆಂಟು. ಕಾಕಾ ಮೇಲೆ ಮೂವತ್ತಾರರ ಲೆಕ್ಕದಲ್ಲಿ ಕೂಗುತ್ತಿದ್ದರೆ ಕೆಳಗಿನದಕ್ಕೆ ಅದು ಮಾತೇ ಅಲ್ಲ.

ಕಂಪನಿಯ ಮೇಲಧಿಕಾರಿ ಬಾಗಿಲಲ್ಲಿ ನಿಂತು ಟೂಲು ಸರಿ ಇದೆಯೇ ಎಂದು ಕೇಳಿದ. ನಾನು ಸರಿ ಇದೆ ಎಂದೆ. ಅದು ಸುಳ್ಳಲ್ಲ. ಟೂಲು ಸರಿಯಾಗಿಯೇ ಇತ್ತು, ಕೆಟ್ಟದ್ದು ನಾನು ತುಂಬಿದ ಅಂಕಿ. ಆ ತಿಂಗಳೇ ನನ್ನನ್ನು ಕಾಯಂ ಮಾಡುವುದಿತ್ತು. ನಾಲಗೆ ಅಷ್ಟಕ್ಕೇ ನಿಂತುಬಿಟ್ಟಿತು. ಮೇಲಧಿಕಾರಿಯ ಹಿಂದೆ ಕಾಕಾ ನಿಂತಿದ್ದರು.

"ಖರೇನ ತಮ್ಮಾ? ಬರೋಬ್ಬರಿ ಐತಿ?"

"ಬರೋಬ್ಬರಿ ಐತ್ರಿ ಕಾಕಾ."

ಅವರು ತಮ್ಮ ಬಲಗೈಯನ್ನು ಒಮ್ಮೆ ಹೊರಳಿಸಿ ನೋಡಿಕೊಂಡರು.

ಅವರು ಹೊರಗೆ ಹೋದ ಮೇಲೆ ನಾನು ಮೂವತ್ತಾರು ತುಂಬಿದೆ, ಹಳೆಯ ಅಂಕಿ ಅಳಿಸಿಹೋಯಿತು. ಅದೇ ಟೂಲನ್ನು ಮತ್ತೆ ಇಳಿಸಿದರು. ಅದು ತಳ ಮುಟ್ಟಿದ್ದು ಸಂಜೆ, ಪಾಳಿ ಬದಲಾಗುವ ಹೊತ್ತಿಗೆ. ಕಾಕಾ ತಾವು ಎಣಿಸಲಿಲ್ಲ. ಅಸ್ಸಾಮಿನವರು ಬರುವ ತನಕ ಕಾದು ಅವರಿಂದ ಎಣಿಕೆ ಮಾಡಿಸಿದರು. ಮೊದಲ ಸಲಕ್ಕೇ ಟೂಲು ಬಲಕ್ಕೆ ತಿರುಗಿತು. ಎಲ್ಲರೂ ಸಂತೋಷಪಟ್ಟರು, ಕಾಕಾ ಹೋಗಿ ಮಲಗಿದರು.

ಎರಡು ದಿನ ಹಾಳಾದದ್ದಕ್ಕೆ ವರದಿ ಬರೆಯಬೇಕಿತ್ತು. ಅವರೇ ಬರೆದರು: ಸಂದೇಶ ಕಳಿಸುವಾಗ ಸಮಯ ಎಣಿಸುವಲ್ಲಿ ನನ್ನಿಂದ ತಪ್ಪಾಗಿದೆ. ಕೆಳಗೆ ಅವರ ಸಹಿ. ಅದರ ಕೆಳಗೆ, ಟೂಲು ಪರೀಕ್ಷಿಸಿದವನ ಸಹಿ ಎಂಬಲ್ಲಿ, ನನ್ನದು. ನಾನು ಸಹಿ ಮಾಡುವಾಗ ಅವರು ಎದುರೇ ನಿಂತಿದ್ದರು. "ಆದದ್ದ ಆತು. ನೀ ತಲಿಗಿ ಹಚ್ಕೋಬ್ಯಾಡ," ಎಂದರು.

ಓದುವವರೇ ಹೇಳಿ, ಈ ಮಾತು ಕೇಳಿ ನಾನು ಏನೆಂದು ತಿಳಿಯಬೇಕು. ನನಗೆ ಎಲ್ಲ ಗೊತ್ತಿದೆ, ನಿನ್ನನ್ನು ಉಳಿಸಿದ್ದೇನೆ ಎಂದೇ ಅವರು ಹೇಳಿದ್ದು ಎಂದುಕೊಂಡೆ. ಅಂದು ಮಲಗಲು ಹೋದರೆ ಹೊದಿಕೆ ಎಂದಿನ ಹಾಗೆ ನಾಲ್ಕು ಮಡಿಕೆಯಾಗಿ ಮಡಚಿತ್ತು. ಕೋಪವಿದ್ದರೆ ಹೀಗೆ ಮಡಚುತ್ತಾರೆಯೇ ಎಂದು ಸಮಾಧಾನ ತಂದುಕೊಂಡೆ. ಮಡಿಕೆಯಲ್ಲಿ ಮನಸ್ಸು ಓದುವ ಮಟ್ಟಕ್ಕೆ ಇಳಿದಿದ್ದೆ.

ಆಮೇಲಿನ ದಿನಗಳಲ್ಲಿ ಅವರು ಲಾಭ ಎನ್ನುವುದನ್ನು ಬಿಟ್ಟರು. ಪೇಟೆಯಿಂದ ಓಟದ ಸ್ಪರ್ಧೆಯವರ ಗಡಿಯಾರ ತರಿಸಿದರು. ತಿಂಗಳಲ್ಲಿ ಇನ್ನೊಂದು. ಎರಡೂ ಕೈಯಲ್ಲಿ ಒಂದೊಂದು ಹಿಡಿದು ಎರಡನ್ನೂ ಹೊಂದಿಸಿ ನೋಡುತ್ತಿದ್ದರು. ಪಾಳಿ ಬದಲಾಗುವ ಹೊತ್ತಿನಲ್ಲಿ ಸಂದೇಶ ಕಳಿಸುವುದಿದ್ದರೆ, "ತಮ್ಮಾ, ನೀನೂ ನನ್ನ ಜೋಡಿ ಎಣಸು," ಎನ್ನುತ್ತಿದ್ದರು. ಇವರು ಬಾಯಿ ಬಿಟ್ಟು ಹೇಳದೆ ಹೀಗೆ ಚುಚ್ಚುತ್ತಿದ್ದಾರೆ, ನಾನಾಗಿ ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದಾರೆ ಎಂದು ನನ್ನ ಲೆಕ್ಕ. ಒಂದೆರಡು ಸಲ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರು, "ಏನೋ?" ಎಂದರು. ನಾನು, "ಉಪ್ಪಿನಕಾಯಿ ತೀರೈತ್ರಿ," ಎಂದೆ.

ನನ್ನ ಕೆಲಸ ಕಾಯಂ ಆಯಿತು. ಅವರು ವರ್ಷದೊಳಗೆ ತಾವಾಗಿ ಕೇಳಿಕೊಂಡು ಮುಂಬಯಿ ಕಚೇರಿಗೆ ಹೋದರು. ಇಪ್ಪತ್ತು ವರ್ಷ ರಿಗ್ಗಿನ ಮೇಲೆ ನಿಂತ ಮನುಷ್ಯ ಮೇಜಿನ ಮುಂದೆ ಕುಳಿತು ಪ್ಲ್ಯಾನು ಬರೆಯತೊಡಗಿದರು. ಬೀಳ್ಕೊಡುವಾಗ ಯಾಕೆ ಹೋಗುತ್ತೀರಿ ಎಂದು ಕೇಳಿದೆ. "ಪ್ಲ್ಯಾನ್ ಮಾಡ್ತೇನಿ. ಓಡಸೂದು ಸಾಕು," ಎಂದರು. ಅವರು ಕಳಿಸುವ ಪ್ರತಿ ಪ್ಲ್ಯಾನಿನ ಕೊನೆಯಲ್ಲಿ ಒಂದು ಸಾಲು ಇರುತ್ತಿತ್ತು, ಸಂದೇಶದ ಸಮಯವನ್ನು ಕಡ್ಡಾಯವಾಗಿ ಇಬ್ಬರು ಎಣಿಸತಕ್ಕದ್ದು ಎಂದು. ಅದನ್ನು ಓದಿದಾಗಲೆಲ್ಲ ನನಗೇ ಬರೆದದ್ದು ಎಂದು ಅನಿಸುತ್ತಿತ್ತು.

ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೆ ನನಗೆ ಧೈರ್ಯ ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಊಟಕ್ಕೆ ಕುಳಿತಾಗ, ತರಬೇತಿಯಲ್ಲಿ, ಕಿರಿಯನ ತಪ್ಪನ್ನು ತಮ್ಮದೆಂದ ಹಿರಿಯರ ಕತೆ ಹೇಳತೊಡಗಿದೆ. ಚೆನ್ನಾಗಿ ಹೇಳುತ್ತಿದ್ದೆ. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು, ನನ್ನದೂ ಆಗುತ್ತಿತ್ತು. ಹೇಳಿ ಹೇಳಿ ನನಗೇ ಅದು ಪೂರ್ತಿ ನಿಜವೆನಿಸಿಬಿಟ್ಟಿತು. ಒಮ್ಮೆ ಹೋಗಿ ಅವರ ಕಾಲು ಮುಟ್ಟಿ ಬರಬೇಕು ಎಂಬ ಆಸೆಯೂ ಬೆಳೆಯಿತು.

ಬಸವನ ಬಾಗೇವಾಡಿಯಲ್ಲಿ ಒಂದು ಮದುವೆಗೆ ಹೋದವನು ಅಲ್ಲಿಂದ ಗೊಳಸಂಗಿಗೆ ಹೋದೆ. ಕೈಯಲ್ಲಿ ಇಂಡಿಯ ನಿಂಬೆಹಣ್ಣಿನ ಚೀಲ. ಕಾಕಾ ಸ್ನಾನಕ್ಕೆ ಹೋಗಿದ್ದರು. ಮನೆಯಲ್ಲಿ ಅವರ ಹೆಂಡತಿ ಇದ್ದರು, ತಂಗಡಗಿಯ ಕಡೆಯವರು, ಮಾತು ಬಲ್ಲವರು. ಕೂರಿಸಿ ನೀರು ಕೊಟ್ಟು, ಕಂಪನಿಯವನೆಂದು ತಿಳಿದ ಕೂಡಲೇ ಕೇಳಿದರು. "ಅಲ್ರಿ, ಅಲ್ಲಿ ಇವ್ರಿಗೆ ಏನಾಗಿತ್ರಿ? ನಮಗ ಏನೂ ಹೇಳಂಗಿಲ್ಲ."

"ಯಾಕ್ರಿ ಕಾಕು?"

"ಕೈ ಕೆಟ್ಟೈತಿ ಅಂತಾರ. ಡಾಕ್ಟರಿಗೆ ತೋರಿಸಿದ್ರ ಏನೂ ಇಲ್ಲ ಅಂತಾರ್ರಿ. ಗಾಡಿ ಹೊಡಿಯೂದ ಬಿಟ್ರು, ಮೈದುನ ಕರ್ಕೊಂಡ ಹೋಗ್ತಾನ. ಸಕ್ರಿ ರೋಗದ ಸೂಜಿ ಚುಚ್ಕೊಳ್ಳಾಕ ದಿನಾ ಓಣ್ಯಾಗಿನ ನರ್ಸಬಾಯಿ ಬರ್ಬೇಕು. ರಾಶಿ ಅಳಿಯಾಕ ಊರಾಗ ಎಲ್ಲಾರೂ ಇವ್ರನ್ನ ಕರೀತಿದ್ರು. ಈಗ ಕರದ್ರ ನಾ ಎಣಿಸಿದ್ರ ತಪ್ಪತೈತಿ ಅಂತ ಒಳಗ ಕುಂದರ್ತಾರ."

ನಾನು ಮುದಿತನದ ಹಟವೆಂದು ನಕ್ಕೆ. ನಿಜವಾಗಿಯೂ ನಕ್ಕೆ. ಏನೂ ಹೊಳೆಯಲಿಲ್ಲ.

ಕಾಕಾ ತಲೆ ಒರೆಸಿಕೊಳ್ಳುತ್ತ ಬಂದರು. ಸೊರಗಿದ್ದರು. ನಿಂಬೆಹಣ್ಣು ನೋಡಿ, "ಖಾಸ್ ಇಂಡೀವ?" ಎಂದು ಕೇಳಿದರು. ಚಹಾ ಆಯಿತು. ನಾನು ಎದ್ದು ಕಾಲು ಮುಟ್ಟಿ, ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ ಮಾತನ್ನು ಹೇಳಿದೆ. "ಕಾಕಾ, ಅವತ್ತ ನೀವು ನನ್ನ ಉಳಿಸಿದ್ರಿ. ನಿಮ್ಮ ಉಪಕಾರ ಮರ್ಯಾಂಗಿಲ್ರಿ."

"ಯಾವತ್ತ?"

"ಆ ಆಳದ ಬಾವ್ಯಾಗ್ರಿ. ಟೂಲ್ ಕೇಳಲಾರ್ದಾಗ. ವರದಿಯೊಳಗ ನೀವು ನಿಮ್ಮ ಹೆಸರಿಗೆ ಬರಕೊಂಡ್ರಿ."

"ಹೂಂ. ನಂದ ತಪ್ಪಿತ್ತು, ಬರದ್ನಿ. ನಿನ್ನ ಏನ ಉಳಿಸಿದ್ನಿ?"

ಅವರು ನಟಿಸುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದೆ. ನಟನೆ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರ ಮುಖ ಅದು, ಕೇಳಿದ್ದಕ್ಕೆ ಉತ್ತರ ಕಾಯುವ ಮುಖ. ನರ್ಸಬಾಯಿ, ಗಾಡಿ, ರಾಶಿ, ಎರಡು ಗಡಿಯಾರ, ಇಬ್ಬರು ಎಣಿಸತಕ್ಕದ್ದು ಎಂಬ ಸಾಲು, ಎಲ್ಲ ಒಮ್ಮೆಗೇ ಬಂದು ಎದೆಯ ಮೇಲೆ ಕುಳಿತವು. ಎಂಟು ವರ್ಷ ಆ ಮನುಷ್ಯ ನನ್ನನ್ನು ಕ್ಷಮಿಸಿರಲಿಲ್ಲ, ಚುಚ್ಚಿಯೂ ಇರಲಿಲ್ಲ. ತಮ್ಮ ಕೈ ಕೆಟ್ಟಿತೆಂದು ನಂಬಿ ಕುಳಿತಿದ್ದರು. ಹಾಗೆ ನಂಬಿಸಿದ್ದು ನಾನು, ಬರೋಬ್ಬರಿ ಐತ್ರಿ ಎಂಬ ಒಂದು ಮಾತಿನಿಂದ. ಓಡಿಹೋಗಬೇಕು ಎನಿಸಿತು. ಅದೂ ಆಗಲಿಲ್ಲ, ಅವರು ಕಾಯುತ್ತಿದ್ದರು.

"ಟೂಲಿನ್ಯಾಗ ಹದಿನೆಂಟಿತ್ರಿ ಕಾಕಾ," ಎಂದೆ. "ಹಳೇ ಫೈಲ ತುಂಬಿದ್ನಿ. ಹಾಳಿಮ್ಯಾಲ ಮೂವತ್ತಾರ ಬರದಿದ್ನಿ. ಓದಿದ ಮ್ಯಾಲ ಗೊತ್ತಾತ್ರಿ. ಹೇಳಲಿಲ್ಲ."

ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಕುಳಿತಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಹದಿನೆಂಟಿತ್ತು," ಎಂದರು.

"ಹೌದ್ರಿ."

"ನಾ ಮೂವತ್ತಾರ ಎಣಿಸಿದ್ನಿ."

"ಹೌದ್ರಿ."

"ಒಂಬತ್ತೂ ಸಲ."

"ಒಂಬತ್ತೂ ಸಲ ಬರೋಬ್ಬರಿ ಎಣಿಸಿದ್ರಿ. ತಪ್ಪ ನಂದ್ರಿ."

ಅವರು ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಅವರು ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತರು. ಕಾಕಾ ನನಗೆ, "ಇಕಿ ಮುಂದ ಹೇಳು," ಎಂದರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಆ ತಾಯಿ ನನ್ನ ಮುಂದಿದ್ದ ಚಹಾದ ಖಾಲಿ ಬಸಿಯನ್ನು ಎತ್ತಿಕೊಂಡು ಒಳಗೆ ಹೋದರು. ಹೊಲದಿಂದ ಕಾಕಾನ ತಮ್ಮ ಬಂದ. ಅವನು ಚಪ್ಪಲಿ ಬಿಡುವ ಮುಂಚೆಯೇ, "ಇವನ ಮುಂದೂ ಹೇಳು," ಎಂದರು. ಹೇಳಿದೆ. ಪ್ರತಿ ಸಲವೂ ಕಾಕಾ ಮೊದಲ ಸಲ ಕೇಳುವವರ ಹಾಗೆ ಮುಂದೆ ಬಾಗಿ ಕೇಳುತ್ತಿದ್ದರು. ಬರೋಬ್ಬರಿ ಎಂಬ ಮಾತು ಬಂದಾಗ ಮೆಲ್ಲಗೆ ಹೂಂ ಎನ್ನುತ್ತಿದ್ದರು.

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೊರಟು ನಿಂತಾಗ ತಾವೂ ಚಪ್ಪಲಿ ಮೆಟ್ಟಿಕೊಂಡು ಬಸ್ಸು ನಿಲ್ಲುವ ಜಾಗದ ತನಕ ಬಂದರು. ಅಲ್ಲಿ ಚಹಾದ ಅಂಗಡಿಯ ಮುದುಕನಿಗೆ, "ಇವ್ರು ನಮ್ಮ ಕಂಪನಿಯವ್ರು. ಒಂದ್ ಮಾತ ಹೇಳ್ತಾರ, ಕೇಳು," ಎಂದರು. ನಾನು ಹೇಳಿದೆ. ಆ ಮುದುಕನಿಗೆ ಟೂಲು ಗೊತ್ತಿಲ್ಲ, ಸೆಕೆಂಡಿನ ಲೆಕ್ಕ ಗೊತ್ತಿಲ್ಲ. ಆದರೂ, "ಹೌದೇನ್ರಿ," ಎಂದು ಒಲೆಯ ಉರಿ ಸಣ್ಣ ಮಾಡಿ ಪೂರ್ತಿ ಕೇಳಿದ.

ಅಷ್ಟರಲ್ಲಿ ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಕಾಕಾ ಹಿಂದಿನಿಂದ ತೋಳು ಹಿಡಿದರು. ಕಟ್ಟೆಯ ಮೇಲೆ ನಾಲ್ಕಾರು ಜನ ಕುಳಿತಿದ್ದರು, ಅವರತ್ತ ನೋಡುತ್ತ, "ಅರ್ಧಾ ತಾಸಿಗೆ ಇನ್ನೊಂದ ಬಸ್ ಐತಿ," ಎಂದರು. "ಅವ್ರಿಗೂ ಹೇಳಿ ಹೋಗು."

ನಾನು ಆ ಬಸ್ಸು ಬಿಟ್ಟೆ.